ನೇತ್ರಾವತಿಯ ನೀರು ಲೆಕ್ಕಕ್ಕೆ ಸಿಗುತ್ತದೆ, ಮಣ್ಣು?

(ಮಂಗಳೂರಿನಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಕೃಷಿಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಏಪ್ರಿಲ್ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ತುಂಬೆ ಕಿಂಡಿ ಅಣೆಕಟ್ಟಿನ ನೀರಿನ ಮಟ್ಟ ಅಚ್ಚಾಗತೊಡಗುತ್ತದೆ. ಐದು ಮೀಟರ್, ನಾಲ್ಕೂವರೆ, ನಾಲ್ಕು ಎಂದು ಆ ಅಂಕಿ ಇಳಿಯುತ್ತ ಹೋದ ಹಾಗೆ ಮಂಗಳೂರಿನ ಫ್ಲ್ಯಾಟುಗಳಲ್ಲಿ ಟ್ಯಾಂಕರಿನವರ ಫೋನ್ ನಂಬರಿಗೆ ಹುಡುಕಾಟ ಶುರು. ಜುಲೈ ಬಂದಾಗ ಅದೇ ಪುಟದಲ್ಲಿ ಬಂಟ್ವಾಳದ ಮಟ್ಟ ಬರುತ್ತದೆ: ಅಪಾಯದ ಮಟ್ಟ 8.5 ಮೀಟರ್, ನೀರು ಎಂಟು ಮುಟ್ಟಿದೆ, ತಗ್ಗಿನ ಮನೆಯವರು ಸಾಮಾನು ಕಟ್ಟಿಟ್ಟಿದ್ದಾರೆ. ನದಿ ಒಂದೇ, ನೇತ್ರಾವತಿ. ತುಂಬೆಗೂ ಬಂಟ್ವಾಳಕ್ಕೂ ನಡುವೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯೂ ಇಲ್ಲ.

2019ನೇ ಇಸವಿಯನ್ನು ನೆನಪು ಮಾಡಿಕೊಳ್ಳಿ. ಆ ಬೇಸಿಗೆಯಲ್ಲಿ ಮಂಗಳೂರಿಗೆ ಸರದಿಯ ಮೇಲೆ ನೀರು ಬಿಟ್ಟರು. ಅದೇ ವರ್ಷ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯ ಗುಡ್ಡಗಳು ಜರಿದವು, ಬೆಳ್ತಂಗಡಿ ತಾಲೂಕಿನ ತೋಟಗಳಿಗೆ ಮರಳು ನುಗ್ಗಿತು, ಬಂಟ್ವಾಳ ಪೇಟೆಗೆ ನೀರು ಬಂತು. ಈಗ ಒಬ್ಬರು ಬಂದು 2019ರಲ್ಲಿ ನೇತ್ರಾವತಿಯಲ್ಲಿ ಹರಿದ ಒಟ್ಟು ನೀರು ಇಷ್ಟು ಎಂದು ಒಂದು ಅಂಕಿ ಹೇಳಿದರೆ ಅದರೊಳಗೆ ಆ ಮೇ ತಿಂಗಳೂ ಕಾಣುವುದಿಲ್ಲ, ಆ ಆಗಸ್ಟೂ ಕಾಣುವುದಿಲ್ಲ. ಹವಾಮಾನ ಬದಲಾವಣೆಯಿಂದ ಈ ನದಿಗೆ ಮುಂದೇನಾಗಬಹುದು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಬಹಳಷ್ಟು ಕೆಲಸ ನಡೆದಿದೆ, ನಡೆಯುತ್ತಿದೆ. ಇಲ್ಲೇ ಸುರತ್ಕಲ್ಲಿನ ಎನ್‌ಐಟಿಕೆ ಎಂಜಿನಿಯರಿಂಗ್ ಸಂಸ್ಥೆಯಲ್ಲೂ ನಡೆದಿದೆ. ಆದರೆ ಆ ಲೆಕ್ಕಗಳಿಂದ ಪತ್ರಿಕೆಗೆ ಹೋಗುವುದು ಹೆಚ್ಚಾಗಿ ವರ್ಷದ ಒಟ್ಟು: 'ಶತಮಾನದ ಕೊನೆಗೆ ನೀರು ಇಷ್ಟು ಶೇಕಡಾ ಹೆಚ್ಚು' ಅಥವಾ 'ಇಷ್ಟು ಕಡಿಮೆ'. ನಮ್ಮಂಥ ಗಿಡ್ಡ, ಕಡಿದಾದ ನದಿಗೆ ಅದು ಅಷ್ಟೇನೂ ಉಪಯೋಗಕ್ಕೆ ಬಾರದ ಉತ್ತರ ಎನ್ನುವುದು ನನ್ನ ತಕರಾರು. ಇಲ್ಲಿ ಪ್ರಳಯ ಗಂಟೆಗಳ ಲೆಕ್ಕದ್ದು, ಬರ ವಾರಗಳ ಲೆಕ್ಕದ್ದು. ಮಣ್ಣಂತೂ ವರ್ಷದ ಬೆರಳೆಣಿಕೆಯ ದಿನಗಳಲ್ಲಿ ಬಂದು ಮುಗಿಯುತ್ತದೆ.

ಕೈಯಲ್ಲಿರುವ ನದಿ ಎಂಥದ್ದೆಂದು ಮೊದಲು ನೋಡೋಣ. ಕುದುರೆಮುಖದ ಕಡೆಯ ಘಟ್ಟದಲ್ಲಿ ಹುಟ್ಟಿ ಸುಮಾರು ನೂರು ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ಉಪ್ಪಿನಂಗಡಿಯಲ್ಲಿ ಪುಷ್ಪಗಿರಿಯ ಕಡೆಯಿಂದ ಬರುವ ಕುಮಾರಧಾರಾ ಸೇರುತ್ತದೆ. ಅಳಿವೆಯಲ್ಲಿ ಗುರುಪುರ ನದಿ, ಅಂದರೆ ಫಲ್ಗುಣಿ, ಬಂದು ಕೂಡುತ್ತದೆ. ಜಲಾನಯನ ಪ್ರದೇಶ ಸುಮಾರು ಮೂರೂವರೆ ಸಾವಿರ ಚದರ ಕಿಲೋಮೀಟರ್. ಕೃಷ್ಣೆ, ಗೋದಾವರಿಗಳ ಮುಂದೆ ಇದೊಂದು ಹಳ್ಳ. ಆದರೆ ಘಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಇಳಿಯಬೇಕಾದ ಎತ್ತರ ಸಾವಿರ ಮೀಟರಿಗೂ ಹೆಚ್ಚು, ಬೀಳುವ ಮಳೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳದ್ದು.

ಈಗ ಮಾದರಿಯ, ಅಂದರೆ ನದಿಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಲೆಕ್ಕದ, ಒಳಗೆ ಹೋಗೋಣ. ಹೆಚ್ಚು ಬಳಕೆಯಲ್ಲಿರುವುದು 'ಸ್ವಾಟ್' ಎಂಬ ತಂತ್ರಾಂಶ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದೊಂದಿಗೆ ಸೇರಿ 1990ರ ದಶಕದಲ್ಲಿ ರೂಪಿಸಿದ್ದು. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಅದಕ್ಕೆ ನಾಲ್ಕು ಆಹಾರ ಕೊಡಬೇಕು: ನೆಲದ ಎತ್ತರದ ನಕ್ಷೆ, ಮಣ್ಣಿನ ನಕ್ಷೆ, ಭೂಬಳಕೆಯ ನಕ್ಷೆ, ದಿನದಿನದ ಹವಾಮಾನ. ಅದು ಜಲಾನಯನ ಪ್ರದೇಶವನ್ನು ಉಪನದಿಗಳ ಪ್ರಕಾರ ಹಂಚಿಕೊಳ್ಳುತ್ತದೆ. ಪ್ರತಿ ಹಂಚಿಕೆಯೊಳಗೆ ಮಣ್ಣು, ಬೆಳೆ, ಇಳಿಜಾರು ಮೂರೂ ಒಂದೇ ಬಗೆಯಾಗಿರುವ ಜಾಗಗಳನ್ನೆಲ್ಲ ಒಟ್ಟು ಮಾಡಿ ಒಂದು ತುಂಡೆಂದು ಎಣಿಸುತ್ತದೆ. ಪ್ರತಿ ತುಂಡಿನಲ್ಲೂ ಪ್ರತಿ ದಿನವೂ ಒಂದೇ ಜಮಾಖರ್ಚು: ಬಿದ್ದ ಮಳೆಯಲ್ಲಿ ಮೇಲಿಂದ ಹರಿದದ್ದೆಷ್ಟು, ಇಂಗಿದ್ದೆಷ್ಟು, ಗಿಡ ಕುಡಿದು ಆವಿಯಾದದ್ದೆಷ್ಟು, ಒರತೆಯಾಗಿ ಹೊಳೆಗೆ ಬಂದದ್ದೆಷ್ಟು.

ತತ್ವದಲ್ಲಿ ತಪ್ಪೇನೂ ಇಲ್ಲ. ತೊಡಕು ಇರುವುದು ಆಹಾರದಲ್ಲಿ. ಎತ್ತರದ ನಕ್ಷೆಗೆ ಹೆಚ್ಚಿನವರು ಬಳಸುವುದು 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರೇಡಾರ್‌ನಿಂದ ಅಳೆದದ್ದನ್ನು. ದಟ್ಟ ಕಾಡು, ದಟ್ಟ ತೋಟ ಇರುವಲ್ಲಿ ಆ ರೇಡಾರ್ ನೆಲದವರೆಗೆ ಇಳಿಯುವುದಿಲ್ಲ, ಮರದ ತಲೆಯ ಹತ್ತಿರವೇ ಎಲ್ಲೋ ನಿಲ್ಲುತ್ತದೆ. ಹಾಗಾಗಿ ನಮ್ಮ ಅಡಿಕೆ ತೋಟಗಳು ಅದರ ಕಣ್ಣಿಗೆ ಸಣ್ಣ ದಿಬ್ಬಗಳು. ಮಣ್ಣಿನ ನಕ್ಷೆಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯದನ್ನು ಹಾಕಿಕೊಳ್ಳುವವರು ಈಗಲೂ ಇದ್ದಾರೆ. ಅದು 50 ಲಕ್ಷಕ್ಕೆ ಒಂದರ ಅಳತೆಯದು. ನಕ್ಷೆಯ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಐವತ್ತು ಕಿಲೋಮೀಟರ್. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆ ಕರ್ನಾಟಕಕ್ಕೆ ಮಾಡಿದ ನಕ್ಷೆ ಇದಕ್ಕಿಂತ ಎಷ್ಟೋ ವಿವರವಾದದ್ದು. ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆ ಹೇಳುತ್ತೇನೆ: ಎಲ್ಲಕ್ಕಿಂತ ಸುಲಭವಾಗಿ ಸಿಕ್ಕುವ ನಕ್ಷೆಯ ಮೇಲೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಭೂಬಳಕೆಯದು ಇನ್ನೂ ಸ್ವಾರಸ್ಯ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ನೀರಿನ ಪ್ರಕಾರವೇ ವಿಂಗಡಿಸಿಟ್ಟ ಜಿಲ್ಲೆ ನಮ್ಮದು. ಬೈಲು ಗದ್ದೆಯಲ್ಲಿ ನೀರು ವರ್ಷದ ಬಹುಕಾಲ ನಿಲ್ಲುತ್ತದೆ, ಬೆಟ್ಟು ಗದ್ದೆ ಮಳೆ ನಿಂತ ಮೇಲೆ ಒಣಗುತ್ತದೆ. ಉಪಗ್ರಹದ ಚಿತ್ರದಲ್ಲಿ ಮೂರೂ 'ಭತ್ತ'. ಅಡಿಕೆ ತೋಟವನ್ನು ಸಾಮಾನ್ಯವಾಗಿ 'ಹಣ್ಣಿನ ತೋಟ'ದ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಆದರೆ ನಮ್ಮ ತೋಟದಲ್ಲಿ ಸಾಲು ಬಿಟ್ಟು ಸಾಲಿಗೆ ಕಣಿ ಇರುತ್ತದೆ. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯಬಾರದೆಂದು ತೋಡಿದ ಆ ಕಣಿಗಳು ನೀರನ್ನು ಇಂಗಲು ಬಿಡದೆ ತೋಡಿಗೆ ಕೊಂಡೊಯ್ಯುತ್ತವೆ. ಅದೇ ಜಾಗದಲ್ಲಿ ಮೂವತ್ತು ನಲವತ್ತು ವರ್ಷಗಳ ಹಿಂದೆ ಬದು ಕಟ್ಟಿದ ಗದ್ದೆ ಇತ್ತು. ಏಣೆಲು ಬೆಳೆಗೆ, ಅಂದರೆ ಮಳೆಗಾಲದ ಭತ್ತಕ್ಕೆ, ಅಂಗೈ ಎತ್ತರ ನೀರು ನಿಲ್ಲುತ್ತಿತ್ತು, ಮೇಲಿಂದ ಬಂದ ಕೆಸರೂ ಅಲ್ಲೇ ಕೂರುತ್ತಿತ್ತು. ಗದ್ದೆ ತೋಟವಾದದ್ದು ನದಿಯ ನೀರಿಗೂ ಹೂಳಿಗೂ ದೊಡ್ಡ ಬದಲಾವಣೆ. ಅದನ್ನು ಹವಾಮಾನ ಬದಲಾವಣೆಯ ಖಾತೆಗೆ ಬರೆಯದಂತೆ ಎಚ್ಚರ ಬೇಕು. ಭೂಬಳಕೆಯನ್ನು ಇದ್ದಂತೆಯೇ ಇಟ್ಟು ಹವಾಮಾನವನ್ನಷ್ಟೇ ಬದಲಿಸಿ ಓಡಿಸಿದ ಮಾದರಿ, 2080ರಲ್ಲೂ ಪುತ್ತೂರು, ಸುಳ್ಯ ಇವತ್ತಿನ ಹಾಗೆಯೇ ಇರುತ್ತವೆ ಎಂದು ನಂಬಿದ ಮಾದರಿ.

ಇನ್ನು ಮಳೆ. ಭಾರತೀಯ ಹವಾಮಾನ ಇಲಾಖೆ ದೇಶದ ಮಳೆಯನ್ನು 0.25 ಡಿಗ್ರಿ ಚೌಕಗಳಲ್ಲಿ, 1901ರಿಂದೀಚೆಗೆ ದಿನದಿನಕ್ಕೂ ಕೊಡುತ್ತದೆ. ನಿಜಕ್ಕೂ ದೊಡ್ಡ ಉಪಕಾರ. ಆದರೆ ಒಂದು ಚೌಕದ ಬದಿ ಸುಮಾರು 27 ಕಿಲೋಮೀಟರ್. ಮಂಗಳೂರಿನ ಕಡಲತೀರದಿಂದ ಘಟ್ಟದ ನೆತ್ತಿಯವರೆಗೆ ಮೂರೇ ಮೂರು ಚೌಕ! ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಘಟ್ಟದ ನೆತ್ತಿಯ ಆಗುಂಬೆಗೆ ಏಳು ಸಾವಿರದ ಆಸುಪಾಸು. ಬೆನ್ನು ದಾಟಿ ಸ್ವಲ್ಪ ಪೂರ್ವಕ್ಕೆ ಹೋದರೆ ಮಳೆ ಅರ್ಧಕ್ಕೂ ಕೆಳಗೆ ಇಳಿದಿರುತ್ತದೆ. ಈ ಇಡೀ ಏರಿಳಿತವನ್ನು ಮೂರು ಅಂಕಿಗಳಲ್ಲಿ ಹೇಳಬೇಕು. ಚಾರ್ಮಾಡಿಯ ನೆತ್ತಿಯ ಮೇಲೆ ಮೂರು ಗಂಟೆ ನಿಂತು ಸುರಿದ ಮೋಡ ಒಂದು ಚೌಕದ ಸರಾಸರಿಯೊಳಗೆ ಕರಗಿ ಸಾಧಾರಣ ಮಳೆಯ ದಿನವಾಗಿಬಿಡುತ್ತದೆ.

ಮುಂದಿನ ಮಳೆ ಬರುವುದು ಜಾಗತಿಕ ಹವಾಮಾನ ಮಾದರಿಗಳಿಂದ. ಜಗತ್ತಿನ ಹಲವು ಸಂಸ್ಥೆಗಳು ಒಂದೇ ನಿಯಮಕ್ಕೆ ಒಪ್ಪಿ ಓಡಿಸಿದ ಮಾದರಿಗಳ ಕೂಟ ಇದೆ. ಈಗಿನದು ಆರನೆಯ ಸುತ್ತು, ಸಿಎಂಐಪಿ-6. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ಐಐಟಿಎಂ, ಭಾರತದ ಪರವಾಗಿ ತನ್ನ ಮಾದರಿಯನ್ನು ಕೊಟ್ಟದ್ದು ಈ ಸುತ್ತಿನಲ್ಲೇ. ಇಂಥ ಮಾದರಿಗಳ ಚೌಕ ಹೆಚ್ಚಾಗಿ ನೂರು ಕಿಲೋಮೀಟರ್, ಅದಕ್ಕಿಂತ ದೊಡ್ಡದೂ ಉಂಟು. ಆ ಅಳತೆಯಲ್ಲಿ ಪಶ್ಚಿಮ ಘಟ್ಟ ಅಂದರೆ ಮಂಗಳೂರಿನಿಂದ ಹಾಸನದ ಕಡೆಗೆ ಮೆಲ್ಲನೆ ಏರುವ ಒಂದು ದಿಬ್ಬ. ಗಾಳಿ ತಟ್ಟನೆ ಮೇಲೇರುವುದಕ್ಕೆ ಗೋಡೆಯೇ ಇಲ್ಲ. ಜೊತೆಗೆ ಈ ಮಾದರಿಗಳಿಗೆ ಒಂದು ಹಳೆಯ ಚಾಳಿ ಇದೆ: ದಿನಾ ಸ್ವಲ್ಪ ಸ್ವಲ್ಪ ತುಂತುರು ಹನಿಸುವುದು. ತಿಂಗಳ ಒಟ್ಟು ಸರಿಯಾಗಿರುತ್ತದೆ. ಆದರೆ ಒಣಗಿದ ದಿನವೂ ಇರುವುದಿಲ್ಲ, ಧೋ ಎಂದು ಸುರಿದ ದಿನವೂ ಇರುವುದಿಲ್ಲ.

ಇದನ್ನು ಸರಿಪಡಿಸಲು ಹಳೆಯ ಮಳೆಯ ದಾಖಲೆಯೊಂದಿಗೆ ಹೊಂದಿಸುವ ವಿಧಾನಗಳಿವೆ. ಮಾದರಿಯಲ್ಲಿ ಅತಿ ಹೆಚ್ಚು ಮಳೆಯಾದ ದಿನವನ್ನು ದಾಖಲೆಯಲ್ಲಿ ಅತಿ ಹೆಚ್ಚು ಮಳೆಯಾದ ದಿನದ ಮಟ್ಟಕ್ಕೆ ಎಳೆಯುತ್ತಾರೆ, ಎರಡನೆಯದನ್ನು ಎರಡನೆಯದಕ್ಕೆ, ಹೀಗೆ. ಒಳ್ಳೆಯ ಉಪಾಯವೇ. ಆದರೆ ಹೊಂದಿಸುವುದು ಯಾವುದಕ್ಕೆ? ಆಗಲೇ ಹೇಳಿದ 27 ಕಿಲೋಮೀಟರ್ ಚೌಕದ ಸರಾಸರಿಗೆ. ಅಂದರೆ ಘಟ್ಟದ ಜಡಿಮಳೆ ಒಮ್ಮೆ ಅಲ್ಲಿ ಸವೆದು, ಇನ್ನೊಮ್ಮೆ ಇಲ್ಲಿ ಸವೆದು, ನಂತರ ನಮ್ಮ ನದಿಯ ಮಾದರಿಗೆ ಬರುತ್ತದೆ.

ಹಾಗಾದರೆ ನಮಗೆ ಖಚಿತವಾಗಿ ಗೊತ್ತಿರುವುದೇನು? ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಭಾರತದ ಹವಾಮಾನ ಬದಲಾವಣೆಯ ಬಗ್ಗೆ ಒಂದು ದೊಡ್ಡ ವರದಿ ಹೊರತಂದಿತು. ಅದರ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ. 6ರಷ್ಟು ತಗ್ಗಿದೆ; ಇಳಿಕೆ ಎದ್ದು ಕಾಣುವುದು ಗಂಗಾ ಬಯಲಿನಲ್ಲಿ ಮತ್ತು ನಮ್ಮ ಪಶ್ಚಿಮ ಘಟ್ಟದಲ್ಲಿ. ಅದೇ ಅವಧಿಯಲ್ಲಿ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು ಒಂದು ಡಿಗ್ರಿ ಬಿಸಿಯಾಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಶೇ. 7ರಷ್ಟು ಹೆಚ್ಚುತ್ತದೆ, ಇದು ಮಾದರಿಯ ಮಾತಲ್ಲ, ಭೌತಶಾಸ್ತ್ರ. ಋತುವಿನ ಒಟ್ಟು ಮಳೆ ಹೆಚ್ಚದಿದ್ದರೂ, ಬಂದಾಗ ಒಮ್ಮೆಲೇ ಸುರಿಯುವ ಸಾಧ್ಯತೆ ಹೆಚ್ಚುತ್ತದೆ. 2020ರ ಸೆಪ್ಟೆಂಬರ್ 20ರ ಬೆಳಗ್ಗೆ ಉಡುಪಿಯ ಕಲ್ಸಂಕದ ಸುತ್ತ ದೋಣಿ ಓಡಾಡಿದ್ದು ನಿಮಗೆ ನೆನಪಿರಬಹುದು. ಆ ಒಂದು ದಿನವೇ ಹವಾಮಾನ ಬದಲಾವಣೆಗೆ ಸಾಕ್ಷಿ ಎಂದು ನಾನು ಹೇಳುತ್ತಿಲ್ಲ. 1923ರಲ್ಲೂ ನೇತ್ರಾವತಿಗೆ ಭಾರೀ ಬೊಳ್ಳ, ಅಂದರೆ ನೆರೆ, ಬಂದಿತ್ತು, 1974ರಲ್ಲೂ ಬಂಟ್ವಾಳ ಮುಳುಗಿತ್ತು. ಅಂಥ ದಿನಗಳು ಪದೇ ಪದೇ ಬರತೊಡಗಿದರೆ ಮಣ್ಣಿಗೆ ಏನಾಗುತ್ತದೆ ಎನ್ನುವುದು ನನ್ನ ಪ್ರಶ್ನೆ.

ಈ ಪ್ರಶ್ನೆಗೆ ಬೋರ್ಡಿನ ಮೇಲೆ ಒಂದು ಸಣ್ಣ ಲೆಕ್ಕ ಮಾಡೋಣ. ಸ್ವಾಟ್ ಒಳಗೆ ಕೂತಿರುವ ಸೂತ್ರವೇ ಇದು. ಪ್ರತಿ ನೆಲಕ್ಕೂ 100ರೊಳಗೆ ಒಂದು ಅಂಕಿ ಕೊಡುತ್ತಾರೆ. ಅಂಕಿ ಹೆಚ್ಚಿದಷ್ಟೂ ನೀರು ಇಂಗುವುದು ಕಡಿಮೆ, ಹರಿಯುವುದು ಹೆಚ್ಚು. ಆಷಾಢದಲ್ಲಿ ಚೆನ್ನಾಗಿ ನೆನೆದಿರುವ ಒಂದು ಗುಡ್ಡಕ್ಕೆ 84 ಎಂದಿಟ್ಟುಕೊಳ್ಳಿ. ಅದರ ಮೇಲೆ ನಾಲ್ಕು ದಿನ ದಿನಕ್ಕೆ 30 ಮಿಲಿಮೀಟರಿನಂತೆ ಮಳೆ ಬಂತು. ಸೂತ್ರ ಹಾಕಿದರೆ ದಿನಕ್ಕೆ ಸುಮಾರು 6 ಮಿಲಿಮೀಟರ್ ಮೇಲಿಂದ ಹರಿಯುತ್ತದೆ, ನಾಲ್ಕು ದಿನಕ್ಕೆ 24. ಈಗ ಅದೇ 120 ಮಿಲಿಮೀಟರ್ ಒಂದೇ ದಿನ ಬಂತು. ಹರಿಯುವುದು ಸುಮಾರು 77. ಮಳೆ ಒಂದು ಹನಿಯೂ ಹೆಚ್ಚಿಲ್ಲ. ಹೊಳೆಗೆ ಬಂದ ನೀರು ಮೂರು ಪಟ್ಟು. ಇಂಗಿದ್ದರಲ್ಲಿ 50 ಮಿಲಿಮೀಟರಿಗೂ ಹೆಚ್ಚು ಖೋತಾ. ಆ ಖೋತಾ ಏಪ್ರಿಲ್‌ನಲ್ಲಿ ತುಂಬೆಗೆ ಗೊತ್ತಾಗುತ್ತದೆ.

ಮಣ್ಣಿನ ಸೂತ್ರ ಇನ್ನೊಂದು. ಹರಿದ ನೀರಿನ ಒಟ್ಟು ಮೊತ್ತವನ್ನು ಅದರ ಗರಿಷ್ಠ ವೇಗದ ಹರಿವಿನಿಂದ ಗುಣಿಸಿ, ಬಂದದ್ದನ್ನು 0.56ರ ಘಾತಕ್ಕೆ ಏರಿಸಬೇಕು. ಆಮೇಲೆ ಮಣ್ಣಿನ ಗುಣ, ಇಳಿಜಾರು, ಹೊದಿಕೆ, ಬದು ಇವುಗಳ ಅಂಕಿಗಳಿಂದ ಗುಣಿಸಬೇಕು. 1975ರ ಸೂತ್ರ, ಈಗಲೂ ನಡೆಯುತ್ತಿದೆ. ನಾವು ತೆಗೆದುಕೊಂಡ ಎರಡು ಮಳೆಗಳಿಗೆ, ಗರಿಷ್ಠ ಹರಿವೂ ನೀರಿನಷ್ಟೇ ಏರುತ್ತದೆ ಎಂದು ಹಿಡಿದು ಲೆಕ್ಕ ಮಾಡಿದರೆ, ಒಂದು ದಿನದ ಮಳೆ ತರುವ ಮಣ್ಣು ನಾಲ್ಕು ದಿನದ ಮಳೆ ತರುವುದಕ್ಕಿಂತ ನಾಲ್ಕು ಪಟ್ಟಿಗೂ ಸ್ವಲ್ಪ ಹೆಚ್ಚು. ಮನೆಗೆ ಹೋಗಿ ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಮಾಡಿ ನೋಡಬಹುದು. ತುಂತುರು ಹನಿಸುವ ಮಳೆಯನ್ನು ಮಾದರಿಗೆ ಉಣಿಸಿ, ಮುಂದಿನ ನೂರು ವರ್ಷ ಹೂಳಿನಲ್ಲಿ ಅಂಥ ಬದಲಾವಣೆಯೇನಿಲ್ಲ ಎಂದು ಬರೆದರೆ ಆ ವಾಕ್ಯಕ್ಕೆ ಬೆಲೆ ಎಷ್ಟು ಎಂದು ಈಗ ನೀವೇ ಹೇಳಬಲ್ಲಿರಿ.

ಇಷ್ಟಾದರೂ ಈ ಸೂತ್ರ ಲೆಕ್ಕ ಹಾಕುವುದು ಒಂದೇ ಬಗೆಯ ಮಣ್ಣನ್ನು: ಮಳೆಹನಿ ಸಡಿಲಿಸಿ ಮೇಲ್ನೀರು ತೊಳೆದೊಯ್ಯುವ ಮಣ್ಣು. ಅಮೆರಿಕದ ಜೋಳದ ಹೊಲಗಳಿಗೆ ಅದೇ ಮುಖ್ಯ. ನಮ್ಮ ಘಟ್ಟದಲ್ಲಿ ಹಾಗಲ್ಲ. ಕಾಡಿನ ನೆಲ ತರಗೆಲೆ ಹೊದ್ದು ಮಲಗಿರುತ್ತದೆ, ಸಾಮಾನ್ಯ ಮಳೆಗೆ ಅಲ್ಲಿಂದ ಕೆಂಪು ನೀರು ಬರುವುದೇ ಕಡಿಮೆ. ಬರುವುದಿದ್ದರೆ ಗುಡ್ಡವೇ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಮೃತ್ಯುಂಜಯ ಹೊಳೆಯ ಇಕ್ಕೆಲದ ತೋಟಗಳನ್ನು ನೋಡಿದವರು ಇಲ್ಲಿ ಇರಬಹುದು. ಅಡಿಕೆ ಮರದ ಬುಡ ಕಾಣದ ಹಾಗೆ ಮರಳು, ಅದರ ಮೇಲೆ ಬೇರುಸಹಿತ ಬಂದ ಕಾಡುಮರಗಳ ದಿಮ್ಮಿಗಳು, ನಡುನಡುವೆ ಗುಂಡುಕಲ್ಲುಗಳು. ಸ್ವಾಟ್‌ನ ಯಾವ ಕಲಮಿನಲ್ಲೂ ಆ ದಿಮ್ಮಿಗೆ ಜಾಗವಿಲ್ಲ, ಆ ಗುಂಡುಕಲ್ಲಿಗೂ ಇಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿಗೆ ಇಳಿದದ್ದು ನಿಮಗೆಲ್ಲ ಗೊತ್ತು. ಆ ನದಿಗೆ ಕೆಲವು ನಿಮಿಷಗಳಲ್ಲಿ ಬಂದ ಮಣ್ಣನ್ನು ದಿನದಿನದ ಮೇಲ್ಸವಕಳಿಯ ಸೂತ್ರ ಯಾವ ಜನ್ಮದಲ್ಲೂ ಹೇಳಲಾರದು.

ಭೂಕುಸಿತಕ್ಕೆ ಬೇರೆ ಮಾದರಿಗಳಿಲ್ಲವೇ? ಇವೆ. ಅವಕ್ಕೆ ಬೇಕಾಗುವುದು ಗಂಟೆಗಂಟೆಯ ಮಳೆ, ಮಣ್ಣಿನ ಆಳ, ಬಂಡೆಯ ಮೇಲಿನ ಜೇಡಿ ಪದರದ ಗಟ್ಟಿತನ. ಮುಖ್ಯವಾಗಿ, ಬರೆಯನ್ನು, ಅಂದರೆ ಗುಡ್ಡದ ಬದಿಯನ್ನು, ಯಾರು ಎಲ್ಲಿ ನೆಟ್ಟಗೆ ಕಡಿದಿದ್ದಾರೆ ಎನ್ನುವ ಮಾಹಿತಿ. ಮುರಕಲ್ಲಿನ ಗುಡ್ಡ ಒಣಗಿದಾಗ ನೆಟ್ಟಗೆ ನಿಲ್ಲುತ್ತದೆ; ಆ ಧೈರ್ಯದ ಮೇಲೆಯೇ ನಾವು ರಸ್ತೆಗೂ ಮನೆಗೂ ಬುಡ ಕಡಿಯುತ್ತೇವೆ. ಮೇಲಿನ ಗಟ್ಟಿ ಪದರದ ಕೆಳಗೆ ಮೆತ್ತನೆಯ ಜೇಡಿ ಇರುತ್ತದೆ, ನೀರು ಒಳಗಿಂದಲೇ ಸೇರಿ ಅದನ್ನು ಸಡಿಲಿಸುತ್ತದೆ. 'ಬರೆ ಜರಿಯಿತು' ಎಂದು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದಲ್ಲ, ನದಿಯ ಹೂಳಿನ ದೊಡ್ಡ ಪಾಲು ಆ ನಾಲ್ಕು ಸಾಲಿನಲ್ಲೇ ಇದೆ ಎಂದು ನನ್ನ ಗುಮಾನಿ. ಗುಮಾನಿ ಎಂದೇ ಹೇಳುತ್ತೇನೆ, ಏಕೆಂದರೆ ಅದನ್ನು ತೂಗಿ ಹೇಳಬೇಕಾದರೆ ಅಳತೆ ಬೇಕು.

ಆ ಅಳತೆಯ ಕತೆ ಹೀಗಿದೆ. ಕೇಂದ್ರ ಜಲ ಆಯೋಗಕ್ಕೆ ಬಂಟ್ವಾಳದಲ್ಲಿ ಮಾಪನ ಕೇಂದ್ರ ಇದೆ. ದಶಕಗಳ ದಾಖಲೆ ಇರುವ, ನಾವೆಲ್ಲ ಆತುಕೊಂಡಿರುವ ಕೇಂದ್ರ. ಹೂಳಿನ ಮಾಪನ ಅಂದರೆ ಬಾಟಲಿಯನ್ನು ನೀರಿಗೆ ಇಳಿಸಿ, ತುಂಬಿಸಿ, ಮೇಲೆತ್ತಿ, ಸೋಸಿ ತೂಗುವುದು. 0.2 ಮಿಲಿಮೀಟರಿಗಿಂತ ದಪ್ಪದ್ದು ಒರಟು, 0.075ಕ್ಕಿಂತ ಸಣ್ಣದು ನುಣುಪು, ನಡುವಿನದು ಮಧ್ಯಮ. ಇಂಥ ಕೇಂದ್ರಗಳಲ್ಲಿ ರೂಢಿಯಾಗಿ ಅಳತೆ ನಡೆಯುವುದು ಬೆಳಗ್ಗೆ ಎಂಟಕ್ಕೆ. ನದಿ ಉಕ್ಕುವುದು ರಾತ್ರಿ ಎರಡಕ್ಕಾದರೆ ಬೆಳಗ್ಗೆ ಎಂಟರ ಹೊತ್ತಿಗೆ ನೀರು ಇಳಿಯತೊಡಗಿರುತ್ತದೆ; ಅದರಲ್ಲಿರುವ ಕೆಸರು ಅದಕ್ಕೂ ಮೊದಲೇ ಇಳಿದಿರುತ್ತದೆ.

ತಪ್ಪಿಹೋದದ್ದು ಎಷ್ಟು ದೊಡ್ಡದು ಎಂಬುದಕ್ಕೆ ಇನ್ನೊಂದು ಕಾಲ್ಪನಿಕ ಲೆಕ್ಕ. ಪ್ರಳಯದ ಹೊತ್ತಿನಲ್ಲಿ ಸೆಕೆಂಡಿಗೆ 3,000 ಘನಮೀಟರ್ ನೀರು, ಲೀಟರಿಗೆ 2 ಗ್ರಾಂ ಮಣ್ಣು ಎಂದುಕೊಳ್ಳಿ. ಸೆಕೆಂಡಿಗೆ 6 ಟನ್ ಆಯಿತು. ಒಂದು ಗಂಟೆಗೆ 21,600 ಟನ್. ಡಿಸೆಂಬರಿನ ತಿಳಿನೀರಿಗೆ ಸೆಕೆಂಡಿಗೆ 20 ಘನಮೀಟರ್, ಲೀಟರಿಗೆ 0.02 ಗ್ರಾಂ ಎಂದುಕೊಂಡರೆ ಅಷ್ಟೇ ಮಣ್ಣು ಸಾಗಿಸಲು ನದಿಗೆ 15,000 ಗಂಟೆ ಬೇಕು, ಒಂದೂವರೆ ವರ್ಷಕ್ಕೂ ಹೆಚ್ಚು. ರಾತ್ರಿ ಎರಡರಿಂದ ಮೂರರವರೆಗಿನ ಆ ಗಂಟೆಯಲ್ಲಿ ಬಾಟಲಿ ಇಳಿಸದಿದ್ದರೆ ಉಳಿದ ದಿನಗಳ ಅಷ್ಟೂ ಬಾಟಲಿಗಳು ಅದನ್ನು ತುಂಬಿಕೊಡಲಾರವು. ಇದೆಲ್ಲ ತೇಲುವ ಮಣ್ಣಿನ ಮಾತು. ತಳದಲ್ಲಿ ಉರುಳಿಕೊಂಡು ಬರುವ ಹೊಯ್ಗೆ, ಅಂದರೆ ಮರಳು, ಬಾಟಲಿಗೆ ಸಿಗುವುದೇ ಇಲ್ಲ. ನದಿಯಲ್ಲಿ ವರ್ಷಕ್ಕೆ ಎಷ್ಟು ಹೊಯ್ಗೆ ಬರುತ್ತದೆ ಎಂದು ಅಳೆಯದೆಯೇ ಎಷ್ಟು ತೆಗೆಯಬಹುದು ಎಂಬ ಜಗಳ ನಮ್ಮಲ್ಲಿ ವರ್ಷವರ್ಷವೂ ನಡೆಯುತ್ತದೆ.

ಮಾದರಿ ಸರಿಯಾಗಿದೆ ಎಂದು ತೀರ್ಮಾನಿಸುವುದು ಹೇಗೆ ಎಂದು ಒಬ್ಬರು ಚೀಟಿ ಕೊಟ್ಟಿದ್ದಾರೆ. ಒಳ್ಳೆಯ ಪ್ರಶ್ನೆ. 1970ರಲ್ಲಿ ನ್ಯಾಶ್ ಮತ್ತು ಸಟ್‌ಕ್ಲಿಫ್ ಎಂಬಿಬ್ಬರು ಕೊಟ್ಟ ಒಂದು ಅಳತೆಗೋಲು ಇದೆ. 1 ಬಂದರೆ ಮಾದರಿ ಹೇಳಿದ್ದೂ ನದಿಯಲ್ಲಿ ಹರಿದದ್ದೂ ಒಂದೇ, 0 ಬಂದರೆ ಮಾದರಿಯ ಬದಲು ಸರಾಸರಿ ಹೇಳಿದ್ದರೂ ಸಾಕಿತ್ತು. ತಿಂಗಳ ಹರಿವಿಗೆ 0.5ಕ್ಕಿಂತ ಹೆಚ್ಚು ಬಂದರೆ ತೃಪ್ತಿಕರ ಎಂಬ ವಾಡಿಕೆ ಇದೆ. ನಮ್ಮ ನದಿಗಳಿಗೆ 0.8, 0.9 ಸುಲಭವಾಗಿ ಬರುತ್ತದೆ. ಹಿಗ್ಗಬೇಡಿ. ಆ ಅಳತೆಯಲ್ಲಿ ತಪ್ಪುಗಳನ್ನು ವರ್ಗ ಮಾಡುತ್ತಾರೆ. ಜುಲೈಯಲ್ಲಿ 1,500 ಇರಬೇಕಾದಲ್ಲಿ ಮಾದರಿ 1,200 ಹೇಳಿದರೆ ತಪ್ಪು 300, ಅದರ ವರ್ಗ 90,000. ಏಪ್ರಿಲ್‌ನಲ್ಲಿ 10 ಇರಬೇಕಾದಲ್ಲಿ 30 ಹೇಳಿದರೆ ತಪ್ಪು 20, ವರ್ಗ 400. ಜುಲೈಯದು ಐದರಲ್ಲಿ ಒಂದು ಪಾಲಿನ ತಪ್ಪು, ಏಪ್ರಿಲ್‌ನದು ಮೂರು ಪಟ್ಟಿನ ತಪ್ಪು. ಆದರೂ ಅಂಕದಲ್ಲಿ ಏಪ್ರಿಲ್ ಕಾಣುವುದೇ ಇಲ್ಲ. ಕನ್ನಡದಲ್ಲಿ ನೂರು ತೆಗೆದು ಗಣಿತದಲ್ಲಿ ಸೊನ್ನೆ ತೆಗೆದ ಹುಡುಗನ ಅಂಕಪಟ್ಟಿಯಲ್ಲಿ ಗಣಿತದ ಸಾಲನ್ನೇ ಒರೆಸಿದ ಹಾಗೆ. ಮಂಗಳೂರಿನ ನಲ್ಲಿಗೆ ಬೇಕಾದದ್ದು ಆ ಗಣಿತದ ಸಾಲು. ಏಪ್ರಿಲ್‌ನಲ್ಲಿ ದಂಡೆಯುದ್ದಕ್ಕೂ ಎಷ್ಟು ಪಂಪುಸೆಟ್ಟುಗಳು ತೋಟಕ್ಕೆ ನೀರೆತ್ತುತ್ತವೆ ಎಂಬುದನ್ನು ಮಾದರಿಗೆ ಹೇಳದಿದ್ದರೆ ಅದಕ್ಕೆ ತಾನಾಗಿ ಗೊತ್ತಾಗುವುದೂ ಇಲ್ಲ.

ಹೂಳಿನ ವಿಷಯದಲ್ಲಿ ವಾಡಿಕೆ ಇನ್ನೂ ಉದಾರ. ನೀರಿನ ಒಟ್ಟು ಲೆಕ್ಕದಲ್ಲಿ ಶೇ. 25ರವರೆಗೆ ಹೆಚ್ಚುಕಡಿಮೆಯಾದರೆ ಕ್ಷಮೆ, ಹೂಳಿಗಾದರೆ ಶೇ. 55. ಅಂದರೆ ನೂರು ಲೋಡಿಗೆ ನಲವತ್ತೈದು ಎಂದರೂ ಪಾಸು, ನೂರೈವತ್ತೈದು ಎಂದರೂ ಪಾಸು. ಹಾಗಿರುವಾಗ ಹವಾಮಾನ ಬದಲಾವಣೆಯಿಂದ ಹೂಳು ಶೇ. 12ರಷ್ಟು ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ಆ 12ನ್ನು ಎಲ್ಲಿ ಇಡಬೇಕು? ಇದು ಮಾದರಿಕಾರರನ್ನು ಗೇಲಿ ಮಾಡುವ ಮಾತಲ್ಲ. ಆ ವಾಡಿಕೆಯನ್ನು ಮಾಡಿಕೊಂಡವರು ಅವರೇ, ಹೂಳಿನ ಅಳತೆ ಎಷ್ಟು ಒರಟು ಎಂದು ಗೊತ್ತಿದ್ದೇ ಮಾಡಿಕೊಂಡದ್ದು. ನಮ್ಮವರೆಗೆ ಬರುವ ಹೊತ್ತಿಗೆ ಅಂಕಿ ಉಳಿದು ಆ ಎಚ್ಚರಿಕೆ ಉದುರಿಹೋಗಿರುತ್ತದೆ.

ಉಡುಪಿಯವರಿಗೆ ಒಂದು ಮಾತು. ನಿಮ್ಮ ನಗರಕ್ಕೆ ನೀರು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ಕಡು ಬೇಸಿಗೆಯಲ್ಲಿ ಬಜೆಗೆ ಒಳಹರಿವು ನಿಂತಾಗ ಮೇಲಿನ ಭಂಡಾರಿಬೆಟ್ಟು, ಪುತ್ತಿಗೆ ಮುಂತಾದ ಕಡೆಯ ಗುಂಡಿಗಳಿಂದ ಪಂಪು ಮಾಡಿ ಕೆಳಗೆ ಬಿಡುತ್ತಾರೆ. ಮಾದರಿಯ ಪ್ರಕಾರ ಆ ದಿನಗಳಲ್ಲಿ ನದಿಯಲ್ಲಿ ಹರಿವು ಸೊನ್ನೆ, ಅದು ನಿಜವೂ ಹೌದು. ಊರು ಬದುಕುವುದು ಹರಿವಿನಿಂದಲ್ಲ, ನದಿಯ ತಳದ ಆಳಗಳಿಂದ, ಕಯಗಳಿಂದ. ಮೇಲಿನ ಗುಡ್ಡ ಜರಿದು ಒಂದು ಮಳೆಗಾಲದಲ್ಲಿ ಆ ಗುಂಡಿ ಹೊಯ್ಗೆಯಿಂದ ತುಂಬಿತು ಎನ್ನಿ. ಮಳೆ ಬದಲಾಗಿಲ್ಲ, ವರ್ಷದ ಹರಿವು ಬದಲಾಗಿಲ್ಲ. ಮೇ ತಿಂಗಳಲ್ಲಿ ಪಂಪಿನ ಪೈಪು ಒಣಗಿರುತ್ತದೆ. ತುಂಬೆಯಲ್ಲೂ ಅಷ್ಟೇ. ಅಣೆಕಟ್ಟಿನ ಹಿಂದೆ ಹೂಳು ಕೂತಿದ್ದರೆ, ಮಟ್ಟ ಐದು ಮೀಟರ್ ಎಂದು ಪತ್ರಿಕೆ ಬರೆದಾಗ ಅದರಡಿ ಎಷ್ಟು ದಿನದ ನೀರಿದೆ ಎಂಬುದು ಪ್ರತಿ ವರ್ಷ ಬೇರೆ. ನೀರಿನದೊಂದು ಅಧ್ಯಾಯ, ಹೂಳಿನದೊಂದು ಅಧ್ಯಾಯ ಎಂದು ಪ್ರಬಂಧದಲ್ಲಿ ವಿಂಗಡಿಸಬಹುದು. ನದಿಯ ತಳದಲ್ಲಿ ಆ ವಿಂಗಡಣೆ ನಡೆಯುವುದಿಲ್ಲ.

ಇದೇ ಹೊಯ್ಗೆಯ ಇನ್ನೊಂದು ಕೊನೆ ಉಳ್ಳಾಲದಲ್ಲಿದೆ. ಅಳಿವೆಯ ಒಂದು ಬದಿಗೆ ಬೆಂಗ್ರೆ, ಇನ್ನೊಂದು ಬದಿಗೆ ಉಳ್ಳಾಲದ ಕೋಟೆಪುರ. ಎರಡೂ ನದಿ ಮತ್ತು ಕಡಲು ಸೇರಿ ಕಟ್ಟಿದ ಮರಳ ನಾಲಿಗೆಗಳು. ಉಳ್ಳಾಲದಲ್ಲಿ ಕಡಲ್ಕೊರೆತ ತಡೆಯಲು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಕಲ್ಲಿನ ತಡೆಗಳನ್ನು ಕಟ್ಟಿದ್ದೇವೆ. ಘಟ್ಟದಿಂದ ಎಷ್ಟು ಮರಳು ಬರಬೇಕಿತ್ತು, ದಾರಿಯಲ್ಲಿ ಅಣೆಕಟ್ಟುಗಳು ಎಷ್ಟು ಹಿಡಿದವು, ಲಾರಿಗಳು ಎಷ್ಟು ಒಯ್ದವು, ಕಡಲಿಗೆ ಉಳಿದದ್ದೆಷ್ಟು ಎಂಬ ನಾಲ್ಕು ಸಾಲಿನ ಜಮಾಖರ್ಚನ್ನು ಮೊದಲು ಬರೆಯಬೇಕಾಗಿತ್ತು.

ಎತ್ತಿನಹೊಳೆಯ ಬಗ್ಗೆ ಕೇಳದೆ ಮಂಗಳೂರಿನ ಸಭೆ ಮುಗಿಯುವುದಿಲ್ಲ ಎಂದು ಗೊತ್ತಿತ್ತು. ಚೀಟಿಗಳಲ್ಲಿ ಅರ್ಧ ಅದೇ. ನೇತ್ರಾವತಿಯ ತಲೆಯ ಹೊಳೆಗಳಿಂದ ಮಳೆಗಾಲದಲ್ಲಿ 24.01 ಟಿಎಂಸಿ ನೀರೆತ್ತುವ ಯೋಜನೆ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆಯಾಯಿತು. ರಾಜಕೀಯ ಬಿಟ್ಟು ಲೆಕ್ಕದ ಮಾತಷ್ಟೇ ಹೇಳುತ್ತೇನೆ. ಬಂಟ್ವಾಳದಲ್ಲಿ ನಿಂತು ವರ್ಷದ ಒಟ್ಟಿನಲ್ಲಿ ಇದು ಎಷ್ಟು ಎಂದು ಭಾಗಿಸಿದರೆ ಸಣ್ಣ ಪಾಲು ಬರುತ್ತದೆ, ಯೋಜನೆಯ ಪರ ಇರುವವರು ಆ ಪಾಲನ್ನೇ ತೋರಿಸುತ್ತಾರೆ. ಅಡ್ಡಗಟ್ಟೆಯ ಕೆಳಗೇ ನಿಂತು ಭಾಗಿಸಿದರೆ ದೊಡ್ಡ ಪಾಲು ಬರುತ್ತದೆ, ವಿರೋಧಿಸುವವರು ಅದನ್ನು ತೋರಿಸುತ್ತಾರೆ. ಎರಡೂ ಭಾಗಾಕಾರ ಸರಿಯೇ. ಯಾರೂ ಅಷ್ಟಾಗಿ ಕೇಳದ ಪ್ರಶ್ನೆ ಎಂದರೆ, ಮಳೆ ಕಡಿಮೆಯಾದ ವರ್ಷದಲ್ಲಿ, ಜೂನ್ ಪೂರ್ತಿ ಒಣಗಿದಾಗ ಎತ್ತುವುದು ಯಾವ ದಿನದಿಂದ, ಹೊಳೆಯಲ್ಲಿ ಎಷ್ಟು ಬಿಟ್ಟು ಎತ್ತುವುದು ಎಂಬುದು. ದಿನದಿನದ ಹರಿವನ್ನು ಲೆಕ್ಕ ಹಾಕುವ ಮಾದರಿ ಇದಕ್ಕೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅಡ್ಡಗಟ್ಟೆಗಳ ಹಿಂದೆ ನಿಲ್ಲುವ ಒರಟು ಮರಳನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಇನ್ನು ಮುಂದೆ ಯಾವುದಾದರೂ ಅಧ್ಯಯನದ ಸುದ್ದಿ ಓದಿದಾಗ ಮೂರು ವಿಷಯ ವಿಚಾರಿಸಿ. ಎಷ್ಟು ಜಾಗತಿಕ ಮಾದರಿಗಳನ್ನು ಬಳಸಿದ್ದಾರೆ. ಒಂದೇ ಆಗಿದ್ದರೆ ಅದು ಒಬ್ಬ ಜ್ಯೋತಿಷಿಯ ಮಾತು ಎಂದುಕೊಳ್ಳಿ, ಹತ್ತು ಮಾದರಿಗಳು ಒಂದೇ ದಿಕ್ಕಿಗೆ ಬೆರಳು ತೋರಿಸಿದರೆ ಕಿವಿಗೊಡಿ. ಏಪ್ರಿಲ್, ಮೇ ಹರಿವನ್ನು ಪ್ರತ್ಯೇಕವಾಗಿ ಪರೀಕ್ಷಿಸಿದ್ದಾರೆಯೇ. ಹೂಳಿನ ಮಾದರಿಯನ್ನು ಅಳೆದ ಹೂಳಿನೊಂದಿಗೆ ಹೋಲಿಸಿದ್ದಾರೆಯೇ, ಅಥವಾ ನೀರಿನದು ಸರಿ ಬಂತೆಂದು ಹೂಳನ್ನೂ ಅದರ ಬೆನ್ನಿಗೆ ಕಟ್ಟಿದ್ದಾರೆಯೇ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಧರ್ಮಸ್ಥಳ, ಉಪ್ಪಿನಂಗಡಿ, ಪಾಣೆಮಂಗಳೂರು, ಎಲ್ಲ ಕಡೆ ನದಿಗೆ ಸೇತುವೆ ಇದೆ, ಸುತ್ತಮುತ್ತ ಕಾಲೇಜುಗಳಿವೆ. ಒಂದು ಲೀಟರಿನ ಬಾಟಲಿ, ಅದಕ್ಕೊಂದು ಭಾರ, ಗಟ್ಟಿ ಹಗ್ಗ, ಸೇತುವೆಯ ಕಂಬದ ಮೇಲೆ ಬಣ್ಣದಲ್ಲಿ ಬರೆದ ಮೀಟರ್ ಪಟ್ಟಿ, ಕಾಲೇಜಿನ ಪ್ರಯೋಗಾಲಯದಲ್ಲಿ ಸೋಸುಕಾಗದ, 105 ಡಿಗ್ರಿಯ ಓವನ್, ಸೂಕ್ಷ್ಮ ತಕ್ಕಡಿ. ಇಷ್ಟು ಸಾಕು. ಹೊಯ್ಗೆ ಇದರಲ್ಲಿ ಸಿಗುವುದಿಲ್ಲ, ಅದಕ್ಕೆ ಮಳೆಗಾಲಕ್ಕೆ ಮೊದಲೊಮ್ಮೆ ಆಮೇಲೊಮ್ಮೆ ಗುಂಡಿಗಳ ಆಳ ಅಳೆಯಬೇಕು, ದೋಣಿಯವರು ಉದ್ದದ ಗಳ ಹಾಕಿ ಅಳೆಯಲು ಬಲ್ಲರು. ತಿಳಿನೀರಿನ ದಿನ ವಾರಕ್ಕೊಂದು ಬಾಟಲಿ ತೆಗೆಯಿರಿ. ನೀರು ಏರತೊಡಗಿದಾಗ ಗಂಟೆಗೊಂದು. ಸೇತುವೆಯ ಕಟಕಟೆಯ ಒಳಗೆ ನಿಂತೇ, ಇಬ್ಬರಿಗಿಂತ ಕಡಿಮೆ ಇರದೆ, ಪೊಲೀಸರು ಹೋಗಿ ಎಂದರೆ ಹೋಗಿಬಿಡಿ. ಬಾಟಲಿಯ ಚೀಟಿಯ ಮೇಲೆ ತಾರೀಕಿನ ಜೊತೆ ಗಂಟೆ, ನಿಮಿಷ ಮತ್ತು ಆಗಿನ ನೀರಿನ ಮಟ್ಟ ಬರೆಯಿರಿ, ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಮಳೆಗೆ ಹೋಗುತ್ತದೆ.